ಬಣ್ಣ ಬಿಟ್ಟ ಗೋಬಿ, ಬಿಡದ ಗಿರಾಕಿ

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದರೆ ನೆಲಮಂಗಲದ ಮಗ್ಗುಲಲ್ಲೇ ಅರಿಶಿನಕುಂಟೆ. ಹಿಂದೆ ಹೊಲಗದ್ದೆಗಳಿದ್ದ ಈ ಸೀಮೆಯಲ್ಲಿ ಈಗ ಗೋದಾಮು, ಕಾರ್ಖಾನೆ, ಲೇಔಟುಗಳದ್ದೇ ಸಾಲು. ಶಿಫ್ಟ್ ಬಿಡುವ ಹೊತ್ತಿಗೆ ಇಂಥ ಊರುಗಳ ರಸ್ತೆ ಬದಿಯಲ್ಲಿ ಗೋಬಿ ಗಾಡಿಗಳ ಒಲೆ ಹೊತ್ತಿಕೊಳ್ಳುತ್ತದೆ. ಗಾಡಿಯ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಗೋಬಿ ಮಂಚೂರಿ, ಎಗ್ ರೈಸ್, ಹಕ್ಕಾ ನೂಡಲ್ಸ್. ಮೊದಲೆರಡರ ಬಗ್ಗೆ ನಮಗೆ ಗೊತ್ತು. ಆ ಹಕ್ಕಾ ಯಾರು?

ದಕ್ಷಿಣ ಚೀನಾದ ಬೆಟ್ಟಸೀಮೆಯಲ್ಲಿ ನೆಲೆಯೂರಿದ ಜನ ಅವರು. ಅವರ ಹಿರಿಯರು ಉತ್ತರದ ಗೋಧಿ ನಾಡಿನಿಂದ ಬಂದರಂತೆ. ಬಂದ ಕಡೆ ಗೋಧಿ ಸಿಗದೆ, ಕಡುಬಿಗೆ ತುಂಬುತ್ತಿದ್ದ ಹೂರಣವನ್ನು ತೋಫುವಿನೊಳಗೆ ತುಂಬಿದರು ಎಂಬುದು ಅವರಲ್ಲಿ ನಡೆದುಬಂದ ಮಾತು. ಸೋಯಾ ಹಾಲು ಒಡೆದು ಗಟ್ಟಿ ಮಾಡಿದ ತೋಫುವಿಗೆ ನಡುವೆ ಸೀಳು ಹಾಕಿ, ಕೊಚ್ಚಿದ ಮಾಂಸ ತುಂಬಿ, ಹೆಂಚಿನ ಮೇಲೆ ಕೆಂಪಗೆ ಬೇಯಿಸಿ, ಆಮೇಲೆ ತಿಳಿ ಸಾರಿನಲ್ಲಿ ಕುದಿಸುತ್ತಾರೆ. ಅದೇ ಹೂರಣವನ್ನು ಬದನೆ, ಹಾಗಲ, ಮೆಣಸಿನಕಾಯಿಗೂ ತುಂಬುತ್ತಾರೆ. ನಮ್ಮ ಎಣ್ಣೆಗಾಯಿ ಮಾಡುವ ಕೈಗೆ ಅದರಲ್ಲಿ ಹೊಸತೇನೂ ಕಾಣದು. ಮಲೇಷ್ಯಾದ ಕ್ವಾಲಾಲಂಪುರದ ಪಕ್ಕದ ಅಂಪಾಂಗ್ ಈ ತಿನಿಸಿಗೆ ಹೆಸರುವಾಸಿ. ಅಲ್ಲಿ ಗಿರಾಕಿಯೇ ತಟ್ಟೆ ಹಿಡಿದು ಬೇಕಾದ ತುಂಡುಗಳನ್ನು ಆರಿಸಿಕೊಟ್ಟು, ತುಂಡಿನ ಲೆಕ್ಕದಲ್ಲಿ ದುಡ್ಡು ಕೊಡುತ್ತಾನೆ.

ಹಕ್ಕಾ ಕುಟುಂಬಗಳು ಕೋಲ್ಕತ್ತಕ್ಕೂ ಬಂದವು. ಅಲ್ಲಿನ ಟಾಂಗ್ರಾದಲ್ಲಿ ಚರ್ಮ ಹದಮಾಡುವ ಕಸುಬು ಹಿಡಿದವು, ಜೊತೆಗೆ ಹೋಟೆಲುಗಳನ್ನೂ ತೆರೆದವು. ಬಂಗಾಳದ ಹಸಿಮೆಣಸು, ಈರುಳ್ಳಿ, ಬೆಳ್ಳುಳ್ಳಿ ಬಾಣಲೆಗೆ ಬಿದ್ದು ಅವರ ಅಡುಗೆ ನಮ್ಮ ನಾಲಿಗೆಗೆ ಹೊಂದಿಕೊಂಡಿತು. ಕೋಲ್ಕತ್ತದಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಚಿಕನ್ ಮಂಚೂರಿ ಮಾಡಿದರು. ಹೊಸದೇನಾದರೂ ಕೊಡಿ ಎಂದು ಗಿರಾಕಿಯೊಬ್ಬರು ಕೇಳಿದ್ದಕ್ಕೆ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಹುರಿದು, ಗರಂ ಮಸಾಲೆಯ ಜಾಗದಲ್ಲಿ ಸೋಯಾ ಸಾಸ್ ಹಾಕಿದರಂತೆ. ಆಮೇಲೆ ಸಸ್ಯಾಹಾರಿಗಳಿಗಾಗಿ ಕೋಳಿಯ ಜಾಗಕ್ಕೆ ಹೂಕೋಸು ಬಂತು. ಹೂಕೋಸು ಕೂಡ ಹೊರಗಿನದೇ. 1822ರಲ್ಲಿ ಅದರ ಬೀಜ ಇಂಗ್ಲೆಂಡಿನಿಂದ ಸಹಾರನ್‌ಪುರದ ಸಸ್ಯೋದ್ಯಾನಕ್ಕೆ ಬಂದಿತ್ತು. ವಲಸೆ ಬಂದ ಅಡುಗೆ, ವಲಸೆ ಬಂದ ತರಕಾರಿ ಎರಡೂ ಸೇರಿ ಕರ್ನಾಟಕದ ಬೀದಿಯಲ್ಲಿ ಮನೆಮಾತಾದವು.

ಗಾಡಿಯ ಕೆಲಸ ಮಧ್ಯಾಹ್ನವೇ ಶುರು. ಹೂಕೋಸನ್ನು ಬಿಡಿಸಿ ಉಪ್ಪು, ಅರಿಶಿನ ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿದರೆ ಎಸಳಿನ ಸಂದಿಯ ಹುಳ ತೇಲಿ ಬರುತ್ತದೆ. ಈ ಒಂದು ಹೆಜ್ಜೆ ತಪ್ಪಿಸುವ ಗಾಡಿಗೆ ನಾನು ಎರಡನೇ ಸಲ ಹೋಗಲಾರೆ. ನೀರು ಬಸಿದು, ಮೈದಾ, ಕಾರ್ನ್‌ಫ್ಲೋರ್, ಶುಂಠಿ ಬೆಳ್ಳುಳ್ಳಿ ಪೇಸ್ಟು, ಖಾರದಪುಡಿ ಕಲಸಿ ಒಂದು ಸಲ ಅರೆಬರೆ ಕರಿದಿಟ್ಟುಕೊಳ್ಳುತ್ತಾರೆ. ಆರ್ಡರ್ ಬಂದ ಮೇಲೆ ಕಾದ ಎಣ್ಣೆಗೆ ಮತ್ತೆ ಬಿಡುತ್ತಾರೆ. ಗರಿಗರಿ ಬರುವುದು ಆ ಎರಡನೇ ಕರಿತದಲ್ಲಿ. ಪಕ್ಕದ ಬಾಣಲೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ, ದೊಣ್ಣೆಮೆಣಸು ಜೋರು ಉರಿಯಲ್ಲಿ ಚಟಪಟ ಅಂದು, ಸಾಸ್ ಬಿದ್ದು, ಗೋಬಿ ಬಿದ್ದು, ನಾಲ್ಕು ಸಲ ಎಗರಿಸಿದರೆ ಪೇಪರ್ ಪ್ಲೇಟಿಗೆ ತಯಾರು. ಇಷ್ಟೆಲ್ಲ ಗಿರಾಕಿಯ ಕಣ್ಣೆದುರೇ ನಡೆಯುತ್ತದೆ. ದೊಡ್ಡ ಹೋಟೆಲಿನ ಅಡುಗೆಮನೆಯೊಳಗೆ ಹೀಗೆ ಇಣುಕಲು ಯಾರು ಬಿಡುತ್ತಾರೆ?

ಹಾಗೆ ಕಣ್ಣೆದುರೇ ಬೀಳುತ್ತಿದ್ದ ಚಿಟಿಕೆ ಬಣ್ಣವನ್ನು ಮಾತ್ರ ಬಹುಕಾಲ ಯಾರೂ ಪ್ರಶ್ನಿಸಲಿಲ್ಲ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪರೀಕ್ಷೆಯ ಫಲಿತಾಂಶ ಮುಂದಿಟ್ಟರು. ರಾಜ್ಯದಲ್ಲಿ ಸಂಗ್ರಹಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತ. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂಬ ಬಣ್ಣಗಳು ಸಿಕ್ಕಿದ್ದವು. ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ಅಂದೇ ನಿಷೇಧಿಸಲಾಯಿತು. ಮೀರಿದರೆ 10 ಲಕ್ಷ ರೂಪಾಯಿವರೆಗೆ ದಂಡ, ಜೈಲು. ಗೋಬಿಯೇ ಬ್ಯಾನ್ ಆಯಿತು ಎಂದು ಊರೂರಲ್ಲಿ ಸುದ್ದಿ ಹಬ್ಬಿ, ಎಷ್ಟೋ ಗಾಡಿಗಳವರಿಗೆ ವ್ಯಾಪಾರವಿಲ್ಲದಂತಾಯಿತು. ನಿಷೇಧವಾದದ್ದು ಬಣ್ಣ, ತಿನಿಸಲ್ಲ. ಇದನ್ನು ಗಿರಾಕಿಗಳಿಗೆ ತಿಳಿಸಿ ಹೇಳುವ ಹೊರೆಯೂ ಗಾಡಿಯವರ ತಲೆಗೇ ಬಿತ್ತು.

ಆಮೇಲೆ ಗಿರಾಕಿಯ ಮಾತೂ ಬದಲಾಯಿತು. ಹಿಂದೆ "ಅಣ್ಣಾ, ಒಂದು ಡ್ರೈ ಗೋಬಿ, ಖಾರ ಜಾಸ್ತಿ" ಅನ್ನುವುದರಲ್ಲೇ ಮಾತು ಮುಗಿಯುತ್ತಿತ್ತು. ಈಗ ಗಾರ್ಮೆಂಟ್ಸ್‌ನಿಂದ ಮನೆಗೆ ಹೊರಟ ತಾಯಿ ಮಕ್ಕಳಿಗೆ ಪಾರ್ಸಲ್ ಹೇಳುವ ಮುಂಚೆ ಕೇಳುತ್ತಾಳೆ: "ಕಲರ್ ಹಾಕಲ್ಲ ತಾನೇ?" "ಇಲ್ಲಕ್ಕಾ, ಬರೀ ಖಾರದಪುಡಿ." "ಟೇಸ್ಟಿಂಗ್ ಪೌಡರ್?" "ಬೇಡ ಅಂದ್ರೆ ಹಾಕಲ್ಲ." ಕಂದು ಬಣ್ಣದ ಗೋಬಿ ನೋಡಿ "ಇದೇನು, ಹಿಂಗಿದೆ?" ಎಂದು ಮೂಗು ಮುರಿಯುವ ಹುಡುಗರೂ ಉಂಟು. ಕೆಂಪಿದ್ದರೇನೇ ರುಚಿ ಎಂದು ಕಣ್ಣಿಗೆ ಅಭ್ಯಾಸವಾಗಿಬಿಟ್ಟಿದೆ. ಇಲಾಖೆಯವರು ದಿನವೂ ಬರಲಾರರು. ಸಂಜೆಸಂಜೆ ಬಂದು ನಿಲ್ಲುವ ಆ ತಾಯಿಯ ಪ್ರಶ್ನೆಯನ್ನು ಯಾವ ಗಾಡಿಯವನೂ ತಪ್ಪಿಸಿಕೊಳ್ಳಲಾರ.

ಕೆಂಪು ಬೇಕೇ ಬೇಕು ಅನ್ನುವವರಿಗೆ ನಮ್ಮ ನಾಡಿನಲ್ಲೇ ದಾರಿಯಿದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದೇ ಕಡಿಮೆ ಖಾರ, ಗಾಢ ಕೆಂಪಿಗೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಸಾರ ಆಹಾರಕ್ಕೂ ಸೌಂದರ್ಯವರ್ಧಕಗಳಿಗೂ ಬಣ್ಣ ಕೊಡುತ್ತದೆ. ಅಂಥ ಮೆಣಸು ಬೆಳೆಯುವ ರಾಜ್ಯದಲ್ಲೇ ಮಕ್ಕಳ ತಟ್ಟೆಗೆ ಡಬ್ಬಿಯ ಬಣ್ಣ ಬೀಳುತ್ತಿದ್ದುದು ನನಗೆ ತೀರಾ ಸಂಕಟದ ವಿಷಯ. ಬ್ಯಾಡಗಿ ಪುಡಿ ದುಬಾರಿ, ನಿಜ. ಚಿಟಿಕೆ ಬಣ್ಣದಷ್ಟು ಅಗ್ಗಕ್ಕೆ ಅದು ಸಿಗದು. ಹಾಗಾಗಿ ಪ್ಲೇಟಿಗೆ ಐದೋ ಹತ್ತೋ ಹೆಚ್ಚು ಕೇಳಿದರೆ ಕೊಡಬೇಕಾದವರು ನಾವೇ.

ಖಾರದಪುಡಿಯಲ್ಲೂ ಕಲಬೆರಕೆ ಇರುತ್ತದಲ್ಲ, ಎಂದು ಕೇಳುವವರಿದ್ದಾರೆ. ಮನೆಯಲ್ಲೂ ಗಾಡಿಯಲ್ಲೂ ಮಾಡಬಹುದಾದ ಪರೀಕ್ಷೆಯೊಂದಿದೆ. ಗಾಜಿನ ಲೋಟದ ನೀರಿನ ಮೇಲೆ ಒಂದಿಷ್ಟು ಪುಡಿ ಉದುರಿಸಿ ಸುಮ್ಮನೆ ನೋಡಬೇಕು, ಕಲಕಬಾರದು. ನೀರಿನಲ್ಲಿ ಕರಗುವ ಕೃತಕ ಬಣ್ಣ ಬೆರೆತಿದ್ದರೆ ಅದು ಕೂಡಲೇ ಗೆರೆಗೆರೆಯಾಗಿ ಕೆಳಗಿಳಿಯುತ್ತದೆ.