ಹೆಸರಾಂತ ಕಂಪ್ಯೂಟರು: ಕೊಟ್ಟ ಹೆಚ್ಚಿನ ಹಣಕ್ಕೆ ತಕ್ಕ ಫಲ ಉಂಟೆ?



ಕಾಫಿ ಕೊಯ್ಲು ಮುಗಿದು, ಅಡಿಕೆಯ ಹಣ ಕೈಸೇರಿ, ಮಕ್ಕಳ ಕಾಲೇಜು ಪ್ರವೇಶದ ದಿನಗಳು ಹತ್ತಿರವಾಗುತ್ತಿದ್ದಂತೆ ಸಂಘದ ಕಚೇರಿಯಲ್ಲಿ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ. ಮಗನಿಗೋ ಮಗಳಿಗೋ ಒಂದು ಲ್ಯಾಪ್‌ಟಾಪ್ ಕೊಡಿಸಬೇಕು. ಅಂಗಡಿಯಲ್ಲಿ ಒಂದಕ್ಕೆ ನಲವತ್ತೈದು ಸಾವಿರ ಎನ್ನುತ್ತಾರೆ, ಅದೇ ಅಳತೆಯ ಮತ್ತೊಂದಕ್ಕೆ ಒಂದು ಲಕ್ಷ ಎನ್ನುತ್ತಾರೆ. ದೊಡ್ಡ ಹೆಸರಿನದನ್ನು ತೆಗೆದುಕೊಂಡರೆ ಬಾಳಿಕೆ ಬರುತ್ತದೆಯೆ? ಅಥವಾ ನಾವು ಕೊಡುವುದು ಬರಿಯ ಹೆಸರಿನ ಬೆಲೆಯೆ?

ಎರಡು ಮೂರು ಎಕರೆಯ ಬೆಳೆಗಾರನಿಗೆ ಇದು ಸಣ್ಣ ಪ್ರಶ್ನೆಯಲ್ಲ. ವ್ಯತ್ಯಾಸದ ಐವತ್ತೈದು ಸಾವಿರ ರೂಪಾಯಿ ಎಂದರೆ ತೋಟಕ್ಕೆ ಹಾಕಬೇಕಾದ ಗೊಬ್ಬರದ ಹಣ, ಮುಂಗಾರಿಗೆ ಮೊದಲು ಕೊಡಬೇಕಾದ ಮದ್ದು ಸಿಂಪಡಣೆಯ ಕೂಲಿ. ಆ ಹಣ ಒಮ್ಮೆ ಕೈಬಿಟ್ಟರೆ ಮತ್ತೆ ಬರುವುದು ಮುಂದಿನ ಫಸಲಿಗೇ. ಆದುದರಿಂದ ಅಂಗಡಿಯವರ ಮಾತನ್ನೂ ಜಾಹೀರಾತನ್ನೂ ಬದಿಗಿಟ್ಟು, ತೋಟದ ಲೆಕ್ಕವನ್ನು ನೋಡುವಂತೆಯೇ ಇದನ್ನೂ ನೋಡಬೇಕಾಗಿದೆ.

ಹೆಸರು ಬೇರೆ, ಒಡಲು ಹೆಚ್ಚು ಕಡಿಮೆ ಒಂದೇ

ಮೊದಲು ತಿಳಿಯಬೇಕಾದ ಸಂಗತಿ ಇದು. ಕಂಪ್ಯೂಟರಿನ ಮೇಲೆ ಹೆಸರು ಯಾರದೇ ಇರಲಿ, ಒಳಗಿನ ಭಾಗಗಳು ಕೆಲವೇ ಕಾರ್ಖಾನೆಗಳಿಂದ ಬರುತ್ತವೆ. ಯಂತ್ರದ ಮಿದುಳಾದ ಪ್ರೊಸೆಸರ್ ಸಾಮಾನ್ಯವಾಗಿ ಇಂಟೆಲ್ ಇಲ್ಲವೆ ಎಎಂಡಿ ಕಂಪನಿಯದು. ರ‍್ಯಾಮ್ ಎಂಬ ನೆನಪಿನ ಚಿಪ್ಪುಗಳಲ್ಲಿ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳವು. ಬಿಡಿಭಾಗಗಳನ್ನು ಜೋಡಿಸಿ ಲ್ಯಾಪ್‌ಟಾಪ್ ಮಾಡುವವರೂ ಹಲವು ವೇಳೆ ಹೆಸರಿನ ಒಡೆಯರಲ್ಲ. ತೈವಾನಿನ ಕ್ವಾಂಟಾ, ಕಾಂಪಾಲ್, ವಿಸ್ಟ್ರಾನ್ ಮುಂತಾದ ಕಂಪನಿಗಳು ಬೇರೆ ಬೇರೆ ಹೆಸರುಗಳಿಗಾಗಿ ಮಾಡಿಕೊಡುತ್ತವೆ.

ಇದಕ್ಕೆ ದೊಡ್ಡ ಅಪವಾದ ಆಪಲ್ ಕಂಪನಿ. ಅದು 2020ರ ನವೆಂಬರಿನಿಂದ ತನ್ನ ಮ್ಯಾಕ್ ಯಂತ್ರಗಳಿಗೆ ಇಂಟೆಲ್ ಪ್ರೊಸೆಸರ್ ಬಿಟ್ಟು, ತಾನೇ ರೂಪಿಸಿದ ಎಂ1 ಚಿಪ್ಪನ್ನೂ ಅದರ ನಂತರದವನ್ನೂ ಹಾಕತೊಡಗಿತು. ಈ ಯಂತ್ರಗಳು ಕಡಿಮೆ ವಿದ್ಯುತ್ತಿನಲ್ಲಿ ವೇಗವಾಗಿ ಕೆಲಸ ಮಾಡುತ್ತವೆ. ಒಮ್ಮೆ ಚಾರ್ಜ್ ಮಾಡಿದರೆ ಸಾಮಾನ್ಯ ಕೆಲಸಕ್ಕೆ ಇಡೀ ಹಗಲು ಸಾಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಕಡೆ ಇದು ಬೆಲೆಯುಳ್ಳ ಗುಣವೇ ಸರಿ.

ಬೋರ್ಡೋ ದ್ರಾವಣದ ಮಾತನ್ನೇ ತೆಗೆದುಕೊಳ್ಳೋಣ. ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನ ಶುದ್ಧತೆಯನ್ನು ನೋಡಿಯೇ ಕೊಳ್ಳಬೇಕು, ನಿಜ. ಆದರೆ ಶುದ್ಧತೆ ಒಂದೇ ಆದ ಮೇಲೆ ಚೀಲದ ಮೇಲಿನ ಮುದ್ರೆಗೆ ಹೆಚ್ಚು ಹಣ ಕೊಟ್ಟರೆ ಕೊಳೆರೋಗವೇನೂ ಹೆದರಿ ಓಡುವುದಿಲ್ಲ. ಮಳೆ ಹಿಡಿಯುವ ಮೊದಲು ಗೊನೆಗೆ ಮದ್ದು ತಾಗಿತೋ ಇಲ್ಲವೋ ಎಂಬುದೇ ಮುಖ್ಯ.

ಹೆಚ್ಚಿನ ಬೆಲೆಗೆ ಸಿಗುವುದೇನು?

ಏನೂ ಸಿಗುವುದಿಲ್ಲ ಎಂದರೆ ಅದೂ ತಪ್ಪಾಗುತ್ತದೆ. ಗಟ್ಟಿಯಾದ ಲೋಹದ ಕವಚ, ಸಡಿಲವಾಗದ ಮಡಿಕೆ, ಕಣ್ಣಿಗೆ ಹಿತವಾದ ಪರದೆ, ಹಗುರವಾದ ತೂಕ, ಹೆಚ್ಚು ಹೊತ್ತು ಬರುವ ಬ್ಯಾಟರಿ ಇವೆಲ್ಲ ದುಬಾರಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಉತ್ತಮವಾಗಿರುತ್ತವೆ. ಮಾರುವಾಗಲೂ ನಾಲ್ಕು ಕಾಸು ಹೆಚ್ಚು ಹುಟ್ಟುತ್ತದೆ.

ಆದರೆ ಗುಣವಿರುವುದು ಕಂಪನಿಯ ಹೆಸರಿಗಿಂತ ಹೆಚ್ಚಾಗಿ ಯಂತ್ರದ ಶ್ರೇಣಿಯಲ್ಲಿ. ಒಂದೇ ಕಂಪನಿ ಮನೆಬಳಕೆಗೆಂದು ಒಂದು ಶ್ರೇಣಿಯನ್ನೂ, ಕಚೇರಿಗಳಿಗೆಂದು ಮತ್ತೊಂದು ಶ್ರೇಣಿಯನ್ನೂ ಮಾಡುತ್ತದೆ. ಲೆನೊವೊ ಕಂಪನಿಯ ಐಡಿಯಾಪ್ಯಾಡ್ ಮನೆಬಳಕೆಯದು. 1992ರಲ್ಲಿ ಐಬಿಎಂ ಆರಂಭಿಸಿ, 2005ರಲ್ಲಿ ಲೆನೊವೊ ಕೈಗೆ ಬಂದ ಥಿಂಕ್‌ಪ್ಯಾಡ್ ಕಚೇರಿಯದು. ಎಚ್‌ಪಿ ಕಂಪನಿಯಲ್ಲಿ ಪೆವಿಲಿಯನ್‌ಗೂ ಎಲೀಟ್‌ಬುಕ್‌ಗೂ ಇಂಥದೇ ಅಂತರ. ಕಚೇರಿ ಶ್ರೇಣಿಯ ಯಂತ್ರಗಳನ್ನು ಬಿಚ್ಚುವುದು ಸಾಮಾನ್ಯವಾಗಿ ಸುಲಭ, ಬಿಡಿಭಾಗಗಳೂ ಬಹುಕಾಲ ಸಿಗುತ್ತವೆ. ಹೆಸರೊಂದನ್ನೇ ಕೇಳಿ ಕೊಂಡವನಿಗೆ ಈ ಭೇದ ತಿಳಿಯುವುದೇ ಇಲ್ಲ.

ದೊಡ್ಡ ಹೆಸರು ದೋಷಕ್ಕೆ ಹೊರತು ಎಂದೂ ಭಾವಿಸಬಾರದು. ಆಪಲ್ ಕಂಪನಿ 2015ರಿಂದ ತನ್ನ ಲ್ಯಾಪ್‌ಟಾಪುಗಳಿಗೆ ಹಾಕಿದ ತೆಳುವಾದ ಹೊಸ ಬಗೆಯ ಕೀಲಿಮಣೆ ಧೂಳು ಹೊಕ್ಕರೆ ಕೆಡುತ್ತದೆಂದು ದೂರುಗಳು ಬಂದು, 2018ರಲ್ಲಿ ಕಂಪನಿಯೇ ಉಚಿತ ದುರಸ್ತಿಯ ಏರ್ಪಾಡು ಮಾಡಬೇಕಾಯಿತು. 2022ರಲ್ಲಿ ಅಮೆರಿಕದಲ್ಲಿ ಆ ಬಗೆಗಿನ ಮೊಕದ್ದಮೆಯನ್ನು 5 ಕೋಟಿ ಡಾಲರಿಗೆ ರಾಜಿಯಲ್ಲಿ ಮುಗಿಸಲು ಒಪ್ಪಿತು. ಅಂತೆಯೇ 'ಮಿಲಿಟರಿ ದರ್ಜೆಯ ಗಟ್ಟಿತನ' ಎಂಬ ಘೋಷಣೆಗೂ ಮರುಳಾಗಬೇಕಾಗಿಲ್ಲ. ಅಮೆರಿಕದ ಸೇನೆಯ ಒಂದು ಪರೀಕ್ಷಾ ವಿಧಾನವನ್ನು ಆಧರಿಸಿ, ಅದರಲ್ಲಿ ತನಗೆ ಬೇಕಾದ ಪರೀಕ್ಷೆಗಳನ್ನು ಆರಿಸಿಕೊಂಡು ಕಂಪನಿಯೇ ಮಾಡಿಸುವಂಥದು ಅದು. ಸೇನೆ ಅದಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ.

ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ, ಸಾಮಾನ್ಯ ಯಂತ್ರಕ್ಕೆ 45,000 ರೂಪಾಯಿ, ದುಬಾರಿಯದಕ್ಕೆ 1,00,000 ರೂಪಾಯಿ ಎಂದಿಟ್ಟುಕೊಳ್ಳಿ. ಐದು ವರ್ಷ ಬಳಸಿ ಮಾರಿದಾಗ ಮೊದಲನೆಯದಕ್ಕೆ 5,000, ಎರಡನೆಯದಕ್ಕೆ 30,000 ಬಂದಿತೆನ್ನೋಣ. ಆಗ ಸಾಮಾನ್ಯ ಯಂತ್ರದ ವೆಚ್ಚ ವರ್ಷಕ್ಕೆ 8,000. ದುಬಾರಿಯದರ ವೆಚ್ಚ ವರ್ಷಕ್ಕೆ 14,000. ವ್ಯತ್ಯಾಸ 6,000 ರೂಪಾಯಿ.

ಈ 6,000 ಹೆಚ್ಚೋ ಕಡಿಮೆಯೋ ಎಂಬುದು ಯಂತ್ರದ ಮುಂದೆ ಕೂರುವವನ ಕೆಲಸವನ್ನು ಅವಲಂಬಿಸಿದೆ. ಓದು ಮುಗಿಸಿ, ಅದರಿಂದಲೇ ಸಂಪಾದನೆ ಮಾಡುತ್ತ, ವರ್ಷಕ್ಕೆ 300 ದಿನ ದುಡಿಯುವ ಯುವಕನಿಗೆ ಅದು ದಿನಕ್ಕೆ 20 ರೂಪಾಯಿ ಮಾತ್ರ. ಕಣ್ಣಿಗೂ ಬೆರಳಿಗೂ ಹಿತವಾಗುವುದಾದರೆ ಧಾರಾಳವಾಗಿ ಕೊಡಬಹುದು. ಅದೇ ವಾರಕ್ಕೊಮ್ಮೆ ಕುಳಿತು ಕೂಲಿಯ ಲೆಕ್ಕ ಬರೆದು, ಪಹಣಿ ನೋಡಿ, ಒಂದು ಅರ್ಜಿ ತುಂಬಿಸುವ ಬೆಳೆಗಾರನಿಗೆ ಅದು ಒಂದು ಕೂರಿಕೆಗೆ 115 ರೂಪಾಯಿ. ಇಲ್ಲಿ ಮೂಗಿಗಿಂತ ಮೂಗುತಿಯೇ ಭಾರವಾಯಿತು.

ದುಬಾರಿಯದು ಹೆಚ್ಚು ವರ್ಷ ಬರುತ್ತದಲ್ಲ ಎಂದು ಕೇಳಬಹುದು. ಯಂತ್ರ ಗಟ್ಟಿಯಿದ್ದರೂ ಅದನ್ನು ನಡೆಸುವ ತಂತ್ರಾಂಶಕ್ಕೆ ಕಂಪನಿಯ ಬೆಂಬಲ ನಿಂತರೆ, ಅಂಥದರಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಕ್ಷೇಮವಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಅದರ ಮುಂದಿನ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯದಾದರೆ ಲಕ್ಷ ಕೊಟ್ಟು ಕೊಂಡದ್ದಕ್ಕೂ, ಮೂವತ್ತು ಸಾವಿರದ್ದಕ್ಕೂ ಒಂದೇ ಗತಿ. ಇಂಟೆಲ್ ಪ್ರೊಸೆಸರಿನ ಮ್ಯಾಕ್‌ಗಳಿಗೂ 2025ರಲ್ಲಿ ಬಂದ ಆವೃತ್ತಿಯೇ ಕೊನೆಯದೆಂದು ಆಪಲ್ ತಿಳಿಸಿದೆ.

ಹೀಗಿರಲು, ನಡುವಿನ ದಾರಿಯೊಂದುಂಟು. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಕಚೇರಿ ಶ್ರೇಣಿಯ ಲ್ಯಾಪ್‌ಟಾಪುಗಳನ್ನು ಸರಿಪಡಿಸಿ ಮಾರುವವರಿದ್ದಾರೆ. ಬಿಲ್ಲು, ಗ್ಯಾರಂಟಿ, ಪ್ರೊಸೆಸರಿನ ತಲೆಮಾರು, ಬ್ಯಾಟರಿಯ ಸ್ಥಿತಿ ಈ ನಾಲ್ಕನ್ನೂ ನೋಡಿ ತೆಗೆದುಕೊಂಡರೆ ಮನೆಯ ಲೆಕ್ಕಕ್ಕೂ ಮಕ್ಕಳ ಓದಿಗೂ ಅದು ಧಾರಾಳ ಸಾಕು.

ಮಲೆನಾಡಿನ ಶತ್ರುಗಳು

ನಮ್ಮಲ್ಲಿ ಕಂಪ್ಯೂಟರನ್ನು ಕೆಡಿಸುವುದು ಬಹಳ ಸಲ ಸಿಡಿಲು, ವೋಲ್ಟೇಜಿನ ಏರುಪೇರು, ತೇವ ಮತ್ತು ಇರುವೆ. ಇವು ಯಾವ ಹೆಸರನ್ನೂ ನೋಡುವುದಿಲ್ಲ. ಫೆಬ್ರವರಿ ಮಾರ್ಚಿಯಲ್ಲಿ ತುಂತುರು ನೀರಾವರಿಯ ದೊಡ್ಡ ಮೋಟಾರು ಹಾಕಿದೊಡನೆ ಮನೆಯ ದೀಪ ಕುಗ್ಗುವುದನ್ನು ಎಲ್ಲರೂ ಬಲ್ಲೆವು. ಏಪ್ರಿಲ್ ಮೇ ತಿಂಗಳ ಗುಡುಗುಮಳೆಯಲ್ಲಿ ಸಿಡಿಲಿನ ಹೊಡೆತ ವಿದ್ಯುತ್ ತಂತಿಯಿಂದಲೂ ತಾಮ್ರದ ಟೆಲಿಫೋನ್ ತಂತಿಯಿಂದಲೂ ಒಳಬರುತ್ತದೆ. ಇಂಥ ಹಾನಿ ಸಾಮಾನ್ಯ ವಾರಂಟಿಯಲ್ಲಿ ಸೇರಿರುವುದಿಲ್ಲ. ಬೇಕಾದವರು ಬೇರೆ ಹಣ ಕೊಟ್ಟು ಅದರ ರಕ್ಷಣೆ ಪಡೆಯಬೇಕು, ಅದರ ಷರತ್ತನ್ನೂ ಓದಬೇಕು.

ಆದುದರಿಂದ ಯಂತ್ರದಲ್ಲಿ ಉಳಿಸಿದ ಹಣದ ಒಂದು ಪಾಲನ್ನು ಹೀಗೆ ಬಳಸುವುದು ಲೇಸು:

1. ಮನೆಯ ಅರ್ತಿಂಗ್ ಪರೀಕ್ಷೆ ಮಾಡಿಸಿ. ನಮ್ಮ ಜಂಬಿಟ್ಟಿಗೆ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ತಿಂಗ್ ದುರ್ಬಲವಾಗುತ್ತದೆ; ಗುಂಡಿಗೆ ಆಗಾಗ ನೀರು ಹಾಕಬೇಕು.

2. ಮೇಜಿನ ಮೇಲಿನ ಕಂಪ್ಯೂಟರಿಗೆ ಯು.ಪಿ.ಎಸ್. ಅವಶ್ಯ. ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಟೆಲಿಫೋನ್ ತಂತಿಯನ್ನೂ ಕಿತ್ತಿಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

3. ತಿರುಗುವ ಹಾರ್ಡ್‌ಡಿಸ್ಕಿನ ಬದಲು ಎಸ್‌.ಎಸ್‌.ಡಿ. ಇರುವುದನ್ನೇ ಕೊಳ್ಳಿ. ಮಾಮೂಲು ಬಳಕೆಯಲ್ಲಿ ವೇಗದ ವ್ಯತ್ಯಾಸ ಹೆಚ್ಚಾಗಿ ಗೊತ್ತಾಗುವುದು ಇದರಿಂದಲೇ. ರ‍್ಯಾಮ್ ಕನಿಷ್ಠ 8 ಜಿ.ಬಿ. ಇರಲಿ, ಸಾಧ್ಯವಾದರೆ 16. ತೆಳುವಾದ ಹಲವು ಯಂತ್ರಗಳಲ್ಲಿಯೂ ಮ್ಯಾಕ್ ಲ್ಯಾಪ್‌ಟಾಪುಗಳಲ್ಲಿಯೂ ಅದನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ.

4. ಲೆಕ್ಕಪತ್ರ, ಜಮೀನಿನ ದಾಖಲೆಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟು, ಅದನ್ನು ಕಂಪ್ಯೂಟರಿನಿಂದ ದೂರವಿಡಿ. ಯಂತ್ರ ಹೋದರೆ ಹೊಸದು ತರಬಹುದು. ಹತ್ತು ವರ್ಷದ ಲೆಕ್ಕ ಹೋದರೆ ಯಾವ ಅಂಗಡಿಯಲ್ಲೂ ಸಿಗದು.

ಸಂಘದ ಕಚೇರಿಯ ಮಾತು ಬೇರೆ

ಹಾಗಾದರೆ ಸಂಘದ ಕಚೇರಿಗೆ ಮಾತ್ರ ಹೆಚ್ಚಿನ ಬೆಲೆಯ ಯಂತ್ರವೇಕೆ ಎಂದು ಮಹಾಸಭೆಯಲ್ಲಿ ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಇಷ್ಟು. ಖರೀದಿಯ ದಿನಗಳಲ್ಲಿ ತೂಕದ ಚೀಟಿ, ಸದಸ್ಯರ ಖಾತೆ, ಪಾವತಿ ಎಲ್ಲವೂ ಆ ಒಂದು ಯಂತ್ರದ ಮೇಲೆ ನಿಂತಿವೆ. ಅದು ಎರಡು ದಿನ ನಿಂತರೆ ಮಾಲು ತಂದವರು ಹಣಕ್ಕಾಗಿ ಕಾಯಬೇಕಾಗುತ್ತದೆ. ಇಲ್ಲಿ ಕೊಡುವ ಹೆಚ್ಚಿನ ಹಣ ದುರಸ್ತಿಗಾರ ನಮ್ಮ ಬಾಗಿಲಿಗೇ ಬರುವ ಮೂರು ವರ್ಷದ ಕರಾರಿಗೆ. ಆ ಕರಾರು ನಮ್ಮ ಊರಿನ ಪಿನ್‌ಕೋಡಿಗೆ ಅನ್ವಯಿಸುತ್ತದೆಂದು ಬರಹದಲ್ಲಿ ಪಡೆಯದಿದ್ದರೆ ಆ ಹಣವೂ ವ್ಯರ್ಥವೇ.

ಲೆಕ್ಕಕ್ಕೆ ಬಳಸುವ ಟ್ಯಾಲಿಯೂ ಕನ್ನಡ ಬರೆಯಲು ಬಳಸುವ ನುಡಿಯೂ ವಿಂಡೋಸಿಗಾಗಿ ರೂಪಿಸಿದವು. ಆದುದರಿಂದ ಮ್ಯಾಕ್ ಎಷ್ಟೇ ಉತ್ತಮವಾಗಿರಲಿ, ಇಂಥ ಕೆಲಸಕ್ಕೆ ಅದು ನೇರವಾಗಿ ಒದಗುವುದಿಲ್ಲ. ಮನೆಗೆ ಕೊಳ್ಳುವವರೂ ಮೊದಲು ಕೆಲಸವನ್ನು ನಿಶ್ಚಯಿಸಿ, ಅದಕ್ಕೆ ಬೇಕಾದ ತಂತ್ರಾಂಶವನ್ನು ತಿಳಿದು, ಕೊನೆಗೆ ಯಂತ್ರಕ್ಕೆ ಬರುವುದು ಸರಿಯಾದ ಕ್ರಮ. ಮಕ್ಕಳಿಗೆ ಕೊಡಿಸುವ ಮುನ್ನ ಅವರ ಕಾಲೇಜು ಯಾವುದನ್ನು ಬಯಸುತ್ತದೆಂದು ವಿಚಾರಿಸಿ. ಕಾಲೇಜಿನವರು ಸಾಮಾನ್ಯದ್ದು ಸಾಕೆಂದ ಮೇಲೂ ಮಗ ದುಬಾರಿಯದೇ ಬೇಕೆಂದು ಹಟ ಹಿಡಿದರೆ, ಮೇಲಿನ ಲೆಕ್ಕವನ್ನು ಅವನ ಕೈಯಿಂದಲೇ ಹಾಕಿಸಿರಿ.

ಒಟ್ಟಿನಲ್ಲಿ ಹೇಳುವುದಾದರೆ, ದಿನವಿಡೀ ಅದರಲ್ಲೇ ದುಡಿಯುವವರಿಗೂ, ಒಂದು ದಿನ ನಿಂತರೆ ನಷ್ಟವಾಗುವ ಕಡೆಗೂ ಹೆಚ್ಚಿನ ಬೆಲೆ ಸಾರ್ಥಕ. ಉಳಿದವರಿಗೆ ಸಾಮಾನ್ಯ ಯಂತ್ರ, ಒಳ್ಳೆಯ ಅರ್ತಿಂಗ್, ತಪ್ಪದೆ ಇಟ್ಟ ಪ್ರತಿ ಇಷ್ಟು ಸಾಕು. ಕೊಳ್ಳುವ ವಿಚಾರವಿರುವ ಸದಸ್ಯರು ಎರಡು ಮೂರು ಅಂಗಡಿಗಳಿಂದ ದರಪಟ್ಟಿ ಬರೆಸಿಕೊಂಡು ಕಚೇರಿಯ ವೇಳೆಯಲ್ಲಿ ಬಂದರೆ, ಶ್ರೇಣಿ, ವಾರಂಟಿ, ಪ್ರೊಸೆಸರಿನ ತಲೆಮಾರು ಇವನ್ನು ಕೂಡಿ ನೋಡಬಹುದು. ಮುಂಗಡ ಕೊಟ್ಟ ಮೇಲೆ ಬರುವುದಕ್ಕಿಂತ ಮೊದಲೇ ಬರುವುದು ಒಳಿತು.

— ಕಾರ್ಯದರ್ಶಿ