ಹೊಸ ನಳಕ್ಕೆ ಮುನ್ನ ಹಳೆಯ ಕೊಳವೆಯ ವಿಚಾರ

ಜತ್ತ ತಾಲೂಕಿನ ನಮ್ಮಂಥ ಹಳ್ಳಿಗಳಲ್ಲಿ ನೀರೆಂದರೆ ಬಂದಿತೋ, ಬರಲಿಲ್ಲವೋ ಎಂಬ ಎರಡೇ ಮಾತು. ಅದು ಯಾವ ಕೊಳವೆಯಲ್ಲಿ ಹರಿದು ಬಂದಿತು, ಆ ಕೊಳವೆಯನ್ನು ಯಾವುದರಿಂದ ಮಾಡಿದ್ದರು ಎಂದು ಕೇಳುವ ಪುರಸೊತ್ತು ನಮಗೆ ಎಂದೂ ಇರಲಿಲ್ಲ. ೧೯೭೨ರ ಬರಗಾಲವನ್ನು ಕಂಡುಂಡ ಹಿರಿಯರು ಇಂದಿಗೂ ಕೊಡದ ತಳದಲ್ಲುಳಿದ ಗುಟುಕು ನೀರನ್ನು ಗಿಡದ ಬುಡಕ್ಕಲ್ಲದೆ ಬೇರೆಡೆ ಚೆಲ್ಲುವುದಿಲ್ಲ. ಇಂಥ ಊರಿನಲ್ಲಿ ನೀರಿನ ಕೆಲಸಕ್ಕೆ ಅಡ್ಡ ಮಾತು ಆಡಿದವನು ಊರಿಗೇ ಹಗೆಯಾಗುತ್ತಾನೆ. ಹಾಗೆ ಎರಡು ದಿನ ಹಗೆಯಾದ ಪ್ರಸಂಗವನ್ನು ಓದುಗರ ಮುಂದಿಡುತ್ತಿದ್ದೇವೆ.

೨೦೧೯ರ ಆಗಸ್ಟ್ ೧೫ರಂದು ಘೋಷಿತವಾದ ಜಲಜೀವನ ಯೋಜನೆ ನಮ್ಮೂರಿಗೆ ಬರಲು ಕೆಲವು ವರ್ಷಗಳೇ ಹಿಡಿದವು. ಬಂದ ದಿನ ಊರಿಗೆ ಊರೇ ಹಿಗ್ಗಿತು, ನಾವೂ ಹಿಗ್ಗಿದೆವು. ಶಾಲೆಯ ಪಡುವಣ ಗೋಡೆಯ ಬದಿಗೆ ನೆಲ ಅಗೆದು, ನಾಲ್ವತ್ತು ವರ್ಷಗಳ ಹಿಂದೆ ಹೂಳಿದ್ದ ಬೂದುಬಣ್ಣದ ಕೊಳವೆಗಳನ್ನು ಹೊರತೆಗೆಯತೊಡಗಿದರು. ವಿದ್ಯುತ್ ಚಕ್ರದಿಂದ ಅವನ್ನು ಕೊಯ್ಯುವಾಗ ಎದ್ದ ಬಿಳಿಯ ಧೂಳು ಹಿಟ್ಟಿನ ಗಿರಣಿಯನ್ನು ನೆನಪಿಗೆ ತರುವಂತಿತ್ತು. ಮೂರನೆಯ ಇಯತ್ತೆಯ ಮಕ್ಕಳು ಒಡೆದ ಚೂರುಗಳನ್ನು ಆಯ್ದು ತಂದು, ಪಡಸಾಲೆಯ ಫರಸಿಯ ಮೇಲೆ ಕುಂಟಾಬಿಲ್ಲೆಯ ಮನೆ ಬರೆದುಕೊಂಡರು. ಬಳಪಕ್ಕಿಂತ ಚೆನ್ನಾಗಿ ಮೂಡುತ್ತಿತ್ತು. ನಾವು ನೋಡಿ ಸುಮ್ಮನಿದ್ದೆವು. ಏಕೆಂದರೆ ಆ ಕೊಳವೆಯನ್ನು ಹೂಳುವಾಗ ನಾವು ಅದೇ ಶಾಲೆಯ ಹುಡುಗರಾಗಿದ್ದು, ಅಂಥದೇ ಚೂರುಗಳಿಂದ ಅಂಥದೇ ಮನೆ ಬರೆದವರು.

ಅಂದು ಸಂಜೆ, ಪುಣೆಯ ಕಡೆ ಕೊಳವೆ ಜೋಡಿಸುವ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಮಾತಿಗೆ ಸಿಕ್ಕನು. ಊರಿನ ಸುದ್ದಿ ಹೇಳಿದೆವು. ಅವನು ಹಿಗ್ಗಲಿಲ್ಲ. “ಗುರುಗಳ, ಹಳೇ ಪೈಪು ಎ.ಸಿ. ಪೈಪೇನ್ರಿ?” ಎಂದು ಕೇಳಿದನು. ಹೌದೆಂದಾಗ, “ಹುಡುಗೂರನ್ನ ದೂರ ಇಡ್ರಿ” ಎಂದನು.

ಎ.ಸಿ. ಎಂದರೆ ಆಸ್ಬೆಸ್ಟಾಸ್ ಸಿಮೆಂಟು. ಆಸ್ಬೆಸ್ಟಾಸಿಗೆ ಕನ್ನಡದಲ್ಲಿ ಕಲ್ನಾರು ಎಂಬ ಅಚ್ಚುಕಟ್ಟಾದ ಹೆಸರಿದೆ. ಬಂಡೆಯೊಳಗೆ ನಾರಿನಂತೆ ಎಳೆ ಎಳೆಯಾಗಿರುವ ಈ ಖನಿಜ ಬೆಂಕಿಗೆ ಸುಡದು, ಮಣ್ಣಿನಲ್ಲಿ ಕೊಳೆಯದು. ಸಿಮೆಂಟಿಗೆ ಸುಮಾರು ಶೇಕಡಾ ೧೦ರಿಂದ ೧೫ರಷ್ಟು ಈ ನಾರನ್ನು ಬೆರೆಸಿ ಮಾಡಿದ ಕೊಳವೆ ತುಕ್ಕು ಹಿಡಿಯದು. ಕಬ್ಬಿಣಕ್ಕಿಂತ ಹಗುರ, ಅಗ್ಗ. ಆ ಕಾಲದಲ್ಲಿ ದೇಶದ ಅನೇಕ ನೀರಿನ ಯೋಜನೆಗಳು ಇದನ್ನೇ ನೆಚ್ಚಿದವು. ಅಂದಿನ ಇಂಜಿನಿಯರರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವರು ಹೂಳಿದ ಕೊಳವೆಯ ನೀರನ್ನೇ ಕುಡಿದು ನಾವು ದೊಡ್ಡವರಾದೆವು.

ಇಲ್ಲಿ ಒಂದು ಭೇದವನ್ನು ಓದುಗರು ಗಮನಿಸಬೇಕು. ನೀರಿನೊಡನೆ ಹೊಟ್ಟೆಗೆ ಹೋದ ಕಲ್ನಾರಿನಿಂದ ಕೇಡಾಗುತ್ತದೆಂಬುದಕ್ಕೆ ಗಟ್ಟಿಯಾದ ಪುರಾವೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಇದರ ಮಿತಿಯನ್ನು ಗೊತ್ತುಪಡಿಸಿಲ್ಲ. ಅಮೆರಿಕ ಮಾತ್ರ ಲೀಟರಿಗೆ ೭೦ ಲಕ್ಷ ಉದ್ದೆಳೆಗಳೆಂಬ ಮಿತಿಯನ್ನು ಇಟ್ಟುಕೊಂಡಿದೆ. ನಿಜವಾದ ಅಪಾಯ ಉಸಿರಿನಲ್ಲಿದೆ. ನಮ್ಮ ತಲೆಗೂದಲು ಸುಮಾರು ೭೦ ಮೈಕ್ರಾನ್ ದಪ್ಪವಿದ್ದರೆ, ಪುಪ್ಪುಸದ ಆಳಕ್ಕಿಳಿಯುವ ಈ ಎಳೆಗಳು ೩ ಮೈಕ್ರಾನಿಗಿಂತಲೂ ತೆಳ್ಳಗಿರುತ್ತವೆ. ಮೂಗಿಗೆ ಕಟ್ಟಿದ ವಸ್ತ್ರ ಇವನ್ನು ತಡೆಯಲಾರದು. ಒಳಹೊಕ್ಕವು ಅಲ್ಲಿಯೇ ಉಳಿದು, ೨೦ರಿಂದ ೪೦ ವರ್ಷಗಳ ಮೇಲೆ ಪುಪ್ಪುಸವನ್ನು ಬಿರುಸುಗೊಳಿಸುವ ರೋಗವಾಗಿಯೋ, ಅರ್ಬುದವಾಗಿಯೋ ತಲೆಯೆತ್ತಬಹುದು. ಕಲ್ನಾರಿನ ಕಾರ್ಖಾನೆಗಳ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ ೪೦ ವರ್ಷ ಕಾಯ್ದಿಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿ ವಿಧಿಸಿದ್ದು ಈ ಕಾರಣದಿಂದಲೇ.

ಎಂದ ಮೇಲೆ, ಮಣ್ಣಿನಲ್ಲಿ ತಣ್ಣಗೆ ಮಲಗಿದ್ದಾಗ ಕೊಳವೆ ಯಾರ ಗೊಡವೆಗೂ ಬರಲಿಲ್ಲ. ಅದು ಅಪಾಯಕಾರಿಯಾದದ್ದು ನಾವು ಅದನ್ನು ಎಬ್ಬಿಸಿ ಕೊಯ್ದ ದಿನ. ಆದ್ದರಿಂದ ವಿಚಾರ ನಡೆಯಬೇಕಾದದ್ದು ಸಲಿಕೆ ನೆಲಕ್ಕೆ ತಾಗುವ ಮೊದಲು.

ದೊಡ್ಡ ಯೋಜನೆಗಳಿಗೆ ಇಂಥ ಪೂರ್ವವಿಚಾರ ನಮ್ಮ ದೇಶದಲ್ಲಿ ಇಲ್ಲದಿಲ್ಲ. ಪರಿಸರದ ಮೇಲಾಗುವ ಪರಿಣಾಮವನ್ನು ಮೊದಲೇ ಅಳೆಯಬೇಕೆಂಬ ಅಧಿಸೂಚನೆ ೧೯೯೪ರ ಜನವರಿ ೨೭ರಂದು ಹೊರಟಿತು. ಅದರ ಸ್ಥಾನದಲ್ಲಿ ೨೦೦೬ರ ಸೆಪ್ಟೆಂಬರ್ ೧೪ರ ಅಧಿಸೂಚನೆ ಬಂದಿತು. ಆದರೆ ಅದರ ಪಟ್ಟಿಯಲ್ಲಿರುವುದು ಗಣಿ, ಅಣೆಕಟ್ಟು, ಕಾರ್ಖಾನೆ ಮುಂತಾದವು. ಹಳ್ಳಿಯ ಕುಡಿಯುವ ನೀರಿನ ಕೊಳವೆ ಅಲ್ಲಿಲ್ಲ. ಕೊಳವೆಗೂ ದೆಹಲಿಯ ಅಪ್ಪಣೆ ಬೇಕೆಂದರೆ ನಾವು ಇನ್ನೂ ಟ್ಯಾಂಕರಿನ ಹಾದಿ ಕಾಯುತ್ತಿರುತ್ತಿದ್ದೆವು. ನಾವು ಹೇಳುತ್ತಿರುವುದು ಅದಕ್ಕಿಂತ ಬಹಳ ಚಿಕ್ಕ ಕೆಲಸ. ಬ್ರಿಟನ್ನಿನಲ್ಲಿ ಹಳೆಯ ಕಟ್ಟಡವನ್ನು ಕೆಡಹುವ ಮುನ್ನ ಕಲ್ನಾರು ಎಲ್ಲಿದೆಯೆಂದು ಹುಡುಕಿ ಬರೆದಿಡಲೇಬೇಕು. ನಮ್ಮಲ್ಲಿಯೂ ಕಲ್ನಾರು ಸಿಮೆಂಟಿನ ವಸ್ತುಗಳನ್ನು ಹೇಗೆ ಬಳಸಬೇಕೆಂಬ ಭಾರತೀಯ ಮಾನಕ ೧೯೮೭ರಷ್ಟು ಹಿಂದಿನದು. ಅದು ನಮ್ಮ ಠೇಕೇದಾರನ ಕೈಗೆ ತಲುಪಿರಲಿಲ್ಲ. ಮುಖ್ಯಾಧ್ಯಾಪಕರಾದ ನಮಗೂ ತಲುಪಿರಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸ ನಿಲ್ಲಿಸಿರೆಂದು ಕೇಳಲು ಹೋದಾಗ ಠೇಕೇದಾರನ ಮನುಷ್ಯ ಸಿಟ್ಟಾಗಲಿಲ್ಲ, ನಕ್ಕನು. “ಮಾಸ್ತರ, ಊರಿಗೆ ನೀರು ಬ್ಯಾಡೇನು?” ನೆರೆದವರೂ ನಮ್ಮ ಮುಖವನ್ನೇ ನೋಡಿದರು. ಆ ಪ್ರಶ್ನೆಗೆ ಉತ್ತರ ಕೊಟ್ಟವರು ನಾವಲ್ಲ. ಊರಿನ ಹಳೆಯ ವಾಲ್ವ್‌ಮನ್ ಮುದುಕ. ಕೊಳವೆ ಹೂಳಿದ ತಂಡದಲ್ಲಿ ಅವನೂ ಇದ್ದನು. ಕೋಲೂರಿಕೊಂಡು ಬಂದು, ಶಾಲೆಯ ಬದಿಯ ಸಾಲನ್ನು ಕೀಳದೆ ಅದರ ಪಕ್ಕದಲ್ಲೇ ಹೊಸ ಸಾಲು ಹೂಳಲು ಜಾಗವಿದೆಯೆಂದು ನಡೆದು ತೋರಿಸಿದನು. ಹಳೆಯದನ್ನು ನೆಲದಲ್ಲಿಯೇ ಬಿಟ್ಟು ಗುರುತು ಮಾಡಿಡುವುದು ತಿಳಿದವರೂ ಒಪ್ಪುವ ಉಪಾಯವೆಂದು ಆಮೇಲೆ ಓದಿ ತಿಳಿದೆವು. ಕೀಳಲೇಬೇಕಾದ ಕಡೆ ನೀರು ಹೊಯ್ದು ನೆನೆಸಿ, ವಿದ್ಯುತ್ ಚಕ್ರ ಬಿಟ್ಟು ಕೈಗರಗಸದಿಂದ ಕೊಯ್ದು, ಚೂರುಗಳನ್ನು ಒದ್ದೆಯಾಗಿಯೇ ದಪ್ಪ ಚೀಲದಲ್ಲಿ ಕಟ್ಟಿದರು. ಬಾಯಿಗೆ ಸರಿಯಾದ ಮುಸುಕು ಎರಡು ದಿನ ತಡವಾಗಿ ಬಂದಿತು. ಪಡಸಾಲೆಯನ್ನು ಗುಡಿಸಲು ಬಿಡದೆ ಒದ್ದೆ ಬಟ್ಟೆಯಿಂದ ಒರೆಸಿಸಿದೆವು. ಕೆಲಸ ನಿಂತದ್ದು ಒಟ್ಟು ಎರಡೇ ದಿನ.

ಆ ಮುದುಕ ಕಡೆಗೆ ನಮ್ಮನ್ನು ಒಂದು ಮಾತು ಕೇಳಿದನು: “ಅಂದು ಕೊಯ್ದಾಂವ ನಾನs. ನನ್ನ ಎದಿಯೊಳಗೂ ಅದು ಐತೇನ್ರಿ?” ನಮ್ಮಲ್ಲಿ ಉತ್ತರವಿರಲಿಲ್ಲ. ಅವನನ್ನು ತಾಲೂಕಿನ ದವಾಖಾನೆಗೆ ಕರೆದೊಯ್ದೆವು. ಎದೆಯ ಚಿತ್ರದಲ್ಲಿ ಹೇಳುವಂಥದೇನೂ ಕಾಣಲಿಲ್ಲವೆಂದು ವೈದ್ಯರು ತಿಳಿಸಿದರು. ಆದರೂ ಅವನು ಮಾಡಿದ್ದ ಕೆಲಸವನ್ನು ಕಾಗದದಲ್ಲಿ ಬರೆದುಕೊಟ್ಟು, ಮುಂದೆ ಎಲ್ಲಿ ತೋರಿಸಿದರೂ ಇದನ್ನು ಮೊದಲು ಹೇಳು ಎಂದರು. ಕೊಳವೆ ಅಥವಾ ತಗಡಿನ ಕೆಲಸ ಮಾಡಿದ ಹಿರಿಯರು ಮನೆಯಲ್ಲಿದ್ದರೆ ಓದುಗರೂ ಹೀಗೆಯೇ ಮಾಡುವುದು ಒಳ್ಳೆಯದು. ದಮ್ಮಿಗೆ ಮದ್ದು ಕೇಳುವವರು ಹಳೆಯ ಕೆಲಸದ ಮಾತು ತೆಗೆಯುವುದಿಲ್ಲ.

ಈ ಮುದುಕನನ್ನೇ ಮುಂದಿಟ್ಟುಕೊಂಡು ಏಳನೆಯ ಇಯತ್ತೆಯ ಮಕ್ಕಳೊಡನೆ ಊರನ್ನು ಸುತ್ತಿದೆವು. ಎಲ್ಲೆಲ್ಲಿ ಹಳೆಯ ಸಾಲು, ಎಷ್ಟು ಹೆಜ್ಜೆ ಉದ್ದ, ಎಲ್ಲಿ ಸೋರಿಕೆ ಎಂದು ಅವನು ಹೇಳುತ್ತ ಹೋದನು, ಮಕ್ಕಳು ಬರೆಯುತ್ತ ಹೋದರು. ಯಾವುದನ್ನೂ ಮುಟ್ಟಿಸಲಿಲ್ಲ. ಹಳೆಯ ಟಾಕಿಯ ಕಬ್ಬಿಣದ ಏಣಿಯ ಕೆಂಪು ಬಣ್ಣವನ್ನೂ ಪಟ್ಟಿಗೆ ಸೇರಿಸಿದೆವು; ಹಿಂದೆ ತುಕ್ಕು ತಡೆಯಲು ಬಳಿಯುತ್ತಿದ್ದ ಸಿಂಧೂರ ಸೀಸದ ಭಸ್ಮವೇ, ಅದನ್ನು ಒಣಗಿದ್ದಂತೆ ಕೆರೆಯಬಾರದು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ ೯೦ ಪಾಲು ಮೀರಬಾರದೆಂಬ ನಿಯಮ ಜಾರಿಯಾದದ್ದು ೨೦೧೭ರ ನವೆಂಬರಿನಲ್ಲಿ; ನಮ್ಮ ಟಾಕಿ ಅದಕ್ಕಿಂತ ಬಹಳ ಹಿರಿಯದು.

ಮಕ್ಕಳ ನಕಾಶೆ ಈಗ ಗ್ರಾಮಪಂಚಾಯತಿಯ ಗೋಡೆಯ ಮೇಲಿದೆ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದಿದ್ದಾರೆ. ಹೊಸ ನಳದಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದೆ. ಕಟ್ಟಿಟ್ಟ ಹದಿನಾಲ್ಕು ಚೀಲಗಳು ಮಾತ್ರ ಹಳೆಯ ಪಂಪುಮನೆಯಲ್ಲಿಯೇ ಇವೆ. ಒಯ್ದು ಸರಿಯಾದ ಕಡೆ ಹೂಳಬೇಕೆಂದು ಮೂರು ಅರ್ಜಿ ಬರೆದಿದ್ದೇವೆ, ಯಾರೂ ಬಂದಿಲ್ಲ. ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ನಾವೇ ಇಟ್ಟುಕೊಂಡಿದ್ದೇವೆ.