ಕಂಪವಾತದವರ ಮನೋವ್ಯಥೆ: ಔಷಧಿಯಲ್ಲಿ ಎಚ್ಚರ

ಮಠದ ಪಾಠಶಾಲೆಯಲ್ಲಿ ನನ್ನೊಡನೆ ಓದಿದ ಮಿತ್ರರೊಬ್ಬರು ಅರಕಲಗೂಡು ಸೀಮೆಯವರು. ಅವರನ್ನು ಕಾಣಲು ಹೋದಾಗ ಪೂಜೆಯ ವೇಳೆಯಾಗಿತ್ತು. ಎಡಗೈ ನಡುಗುತ್ತಿದ್ದುದರಿಂದ ಇಷ್ಟಲಿಂಗವನ್ನು ಅಂಗೈಯಲ್ಲಿ ಸ್ಥಿರವಾಗಿ ಹಿಡಿಯಲಾರದೆ ಮಗನ ಕೈಯ ಆಸರೆ ಪಡೆದಿದ್ದರು. ಕಣ್ಣಲ್ಲಿ ನೀರಿತ್ತು, ಊಟ, ನಿದ್ರೆ, ಮಾತು ಎಲ್ಲವೂ ಕುಗ್ಗಿದ್ದವು. ಇದು ವಯೋಧರ್ಮವೆಂದು ಬಗೆದು ನಾಲ್ಕು ಧೈರ್ಯದ ಮಾತುಗಳನ್ನಾಡಿ ಬಂದೆ. ಅದು ನನ್ನ ಅಜ್ಞಾನವೆಂದು ಅನಂತರ ತಿಳಿಯಿತು.

ಆಯುರ್ವೇದವು ಕಂಪವಾತವೆಂದು ಕರೆಯುವ ವ್ಯಾಧಿಗೆ ಬಹುಮಟ್ಟಿಗೆ ಹೋಲುವುದನ್ನು 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ವಿವರಿಸಿದರು. ಮೆದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯ ಕ್ಷೀಣಿಸುವುದು ಇದರ ಮುಖ್ಯ ಕಾರಣ. ರೋಗಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರನ್ನು ಖಿನ್ನತೆಯೂ ಕಾಡುತ್ತದೆ. ಕೆಲವರಲ್ಲಿ ಅದು ನಡುಕಕ್ಕಿಂತ ಮೊದಲೇ ತೋರುತ್ತದೆ. ಅದು ಮನೋದೌರ್ಬಲ್ಯವಲ್ಲ, ವ್ಯಾಧಿಯದೇ ಒಂದು ಅಂಗ. ಆದ್ದರಿಂದ ಚಿಕಿತ್ಸೆ ಅವಶ್ಯ. ಆದರೆ ಯಾವ ಮಾತ್ರೆ ಎಂಬುದರಲ್ಲಿದೆ ಎಚ್ಚರ.

ನನ್ನ ಮಿತ್ರರಿಗೆ ನರರೋಗ ತಜ್ಞರು ಲೆವೊಡೋಪಾ ಕೊಟ್ಟಿದ್ದರು. ಮನೋವ್ಯಥೆಗೆಂದು ಬೇರೊಬ್ಬ ವೈದ್ಯರ ಬಳಿ ಹೋದಾಗ ಹಳೆಯ ಚೀಟಿ ಮನೆಯಲ್ಲೇ ಉಳಿಯಿತು. ಹೊಸ ಮಾತ್ರೆ ಆರಂಭವಾದ ಕೆಲವು ವಾರಗಳಲ್ಲಿ ಮೈ ಸೆಟೆದು, ಹೆಜ್ಜೆ ಕೀಳುವುದೇ ಕಷ್ಟವಾಯಿತು. ರೋಗ ಉಲ್ಬಣಿಸಿತೆಂದೇ ಎಲ್ಲರೂ ಭಾವಿಸಿದರು. ಎರಡೂ ಚೀಟಿಗಳನ್ನು ತಜ್ಞರ ಮುಂದಿಟ್ಟಾಗ ನಿಜ ಹೊರಬಿತ್ತು: ಆ ಸಂಯುಕ್ತ ಮಾತ್ರೆಯಲ್ಲಿ ಫ್ಲುಪೆಂಥಿಕ್ಸಾಲ್ ಇತ್ತು, ಅದು ಡೋಪಮಿನ್‌ನ ಕೆಲಸವನ್ನೇ ತಡೆಯುವ ಔಷಧಿ. ಒಂದು ಕೈ ಸುರಿದ ನೀರನ್ನು ಇನ್ನೊಂದು ಕೈ ಕಟ್ಟೆ ಹಾಕಿ ತಡೆದಂತಾಗಿತ್ತು. ವೈದ್ಯರು ಮಾತ್ರೆ ಬದಲಿಸಿದ ಮೇಲೆ ನಡಿಗೆಯೂ ಕ್ರಮೇಣ ಮರಳಿತು, ಮನಸ್ಸೂ ತಿಳಿಯಾಯಿತು.

ಓದುಗರು ಅರಿತಿರಬೇಕಾದ ಇನ್ನೂ ಕೆಲವು ಸಂಗತಿಗಳುಂಟು. ಅಮಿಟ್ರಿಪ್ಟಿಲಿನ್‌ನಂತಹ ಹಳೆಯ ಔಷಧಿಗಳಿಂದ ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಮತಿಭ್ರಮೆ, ಎದ್ದುನಿಂತೊಡನೆ ರಕ್ತದೊತ್ತಡ ಕುಸಿದು ಬೀಳುವುದು ಸಂಭವಿಸಬಹುದು. ಸರ್ಟ್ರಾಲಿನ್, ಎಸ್ಸಿಟಲೊಪ್ರಾಂ ಮೊದಲಾದವು ಸಾಮಾನ್ಯವಾಗಿ ಸಹ್ಯವಾದರೂ ಕೆಲವರಲ್ಲಿ ನಡುಕವನ್ನು ಹೆಚ್ಚಿಸುತ್ತವೆ. ಕಂಪವಾತಕ್ಕೆ ಕೊಡುವ ಸೆಲೆಜಿಲಿನ್ ಅಥವಾ ರಸಾಜಿಲಿನ್ ಜೊತೆಗೆ ಇವು ಸೇರಿದಾಗ ಅಪರೂಪವಾಗಿ ಜ್ವರ, ವಿಪರೀತ ಬೆವರು, ತಳಮಳ, ಸ್ನಾಯುಗಳ ಜಗ್ಗಾಟ, ಭೇದಿ ಕಾಣಿಸಬಹುದು. ಆಗ ಆಸ್ಪತ್ರೆಗೆ ಧಾವಿಸಬೇಕು. ತಜ್ಞರು ತಿಳಿದೇ ಎರಡನ್ನೂ ಕೊಡುವುದುಂಟು. ತಿಳಿಯದೆ ಕೂಡಿಸುವುದೇ ಅಪಾಯ. ಕೆಲವು ಕೆಮ್ಮಿನ ಔಷಧಿಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್, ನೋವಿನ ಟ್ರಮಡಾಲ್ ಇವೂ ಸೆಲೆಜಿಲಿನ್, ರಸಾಜಿಲಿನ್‌ಗಳಿಗೆ ವರ್ಜ್ಯ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಸ್ವತಃ ಇರುವುದರಿಂದ ಅದರ ಚೂರ್ಣವನ್ನೂ ವೈದ್ಯರಿಗೆ ಹೇಳಿಯೇ ಸೇವಿಸಬೇಕು.

ಈ ಲೇಖನವನ್ನೋದಿ ಯಾರೂ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಹಠಾತ್ತನೆ ನಿಲ್ಲಿಸುವುದೂ ಕೇಡೇ.

ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕುಟುಂಬಗಳು ಜ್ವರಕ್ಕೆ ಊರಿನ ವೈದ್ಯರನ್ನೂ, ನರರೋಗಕ್ಕೆ ಹಾಸನವನ್ನೋ ಬೆಂಗಳೂರಿನ ನಿಮ್ಹಾನ್ಸನ್ನೋ ಆಶ್ರಯಿಸುವುದು ಸಹಜ. ವೈದ್ಯರು ಹಲವರಾದರೂ ಪುಸ್ತಕ ಒಂದೇ ಇರಲಿ: ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು ಅದರಲ್ಲಿರಲಿ, ಹೋದಲ್ಲೆಲ್ಲ ತೋರಿಸಿರಿ. ಬದುಕೇ ಬೇಡವೆನಿಸಿದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಶುಲ್ಕವಿಲ್ಲದೆ ದೊರೆಯುತ್ತದೆ. ಹಿರಿಯರು ಮೌನವಾದಾಗ ಅದನ್ನು ವೈರಾಗ್ಯವೆಂದು ಭಾವಿಸಿ ಸುಮ್ಮನಿರದೆ, ಹತ್ತಿರ ಕುಳಿತು ವಿಚಾರಿಸುವುದೂ ಸೇವೆಯೇ.